ನಾಡಿಯ ವೇಗವೂ ಮನದ ಉದ್ವೇಗವೂ

ಹೃದಯವನ್ನು ಭಾವಗಳ ನೆಲೆಯೆಂದು ತಿಳಿಯುವುದು ಮನುಷ್ಯಕುಲಕ್ಕೆ ಬಹು ಹಿಂದಿನಿಂದ ಬಂದ ಅಭ್ಯಾಸ. ನಮ್ಮ ಕನ್ನಡ ನುಡಿಯೇ ಇದಕ್ಕೆ ಸಾಕ್ಷಿ. ಧೈರ್ಯವಂತನನ್ನು ಎದೆಗಾರನೆಂದು ಕರೆಯುತ್ತೇವೆ. ಧೈರ್ಯ ಕುಂದಿದವನನ್ನು ಎದೆಗುಂದಿದನೆನ್ನುತ್ತೇವೆ. ಕೆಟ್ಟ ಸುದ್ದಿ ಬಂದಾಗ ಎದೆ ಧಸಕ್ಕೆನ್ನುತ್ತದೆ. ಕತ್ತಲಲ್ಲಿ ಹಾವನ್ನು ಕಂಡಾಗ ಎದೆ ಝಲ್ಲೆನ್ನುತ್ತದೆ. ಪರೀಕ್ಷೆಯ ಫಲಕ್ಕಾಗಿ ಕಾಯುವ ಹುಡುಗನ ಎದೆ ಡವಡವ ಹೊಡೆದುಕೊಳ್ಳುತ್ತದೆ. ಇವೆಲ್ಲ ಅನುಭವಸಿದ್ಧವಾದ ಮಾತುಗಳೇ ಹೊರತು ಕವಿಸಮಯಗಳಲ್ಲ. ಆದರೆ ಈ ಅನುಭವದ ಬೆನ್ನಿಗೆ ನಾವು ಇನ್ನೊಂದು ತೀರ್ಮಾನವನ್ನು ಸದ್ದಿಲ್ಲದೆ ಕಟ್ಟಿಕೊಳ್ಳುತ್ತೇವೆ: ಯಾರ ಹೃದಯ ವೇಗವಾಗಿ ಬಡಿಯುತ್ತದೆಯೋ ಅವರ ಮನಸ್ಸಿನಲ್ಲಿ ಯಾವುದೋ ಭಯವೋ ಆಸೆಯೋ ಕಳವಳವೋ ಇರಲೇಬೇಕು, ಮನಸ್ಸು ಸ್ಥಿರವಾಗಿದ್ದರೆ ನಾಡಿಯೂ ಸ್ಥಿರವಾಗಿರುತ್ತಿತ್ತು. ಈ ತೀರ್ಮಾನ ಸರಿಯೇ? ಇದು ವೈದ್ಯರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ತೋರಬಹುದು. ಹಾಗಲ್ಲ. ದೇಹದ ಒಂದು ಲಕ್ಷಣವನ್ನು ನೋಡಿ ಮನುಷ್ಯನ ಅಂತರಂಗಕ್ಕೆ ಬೆಲೆ ಕಟ್ಟುವ ಅಧಿಕಾರ ನಮಗುಂಟೇ ಎಂಬ ನೀತಿಯ ಪ್ರಶ್ನೆ ಇದರೊಳಗೆ ಅಡಗಿದೆ. ನಮ್ಮ ದೇಹವೇ ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟಿತಾದುದರಿಂದ ಅದನ್ನಿಲ್ಲಿ ವಿಚಾರಿಸುತ್ತಿದ್ದೇವೆ.

ನಮ್ಮ ಐವತ್ತೈದನೆಯ ವಯಸ್ಸಿನಲ್ಲಿ ಹೃದಯದ ಲಯ ಆಗಾಗ ತಪ್ಪತೊಡಗಿತು. ಹೃತ್ಕರ್ಣವು ಕ್ರಮವಾಗಿ ಸಂಕುಚಿಸುವುದನ್ನು ಬಿಟ್ಟು ಸುಮ್ಮನೆ ಕಂಪಿಸುವ ದೋಷವದು. ಹೀಗಾದಾಗ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋಗಿ ಪಾರ್ಶ್ವವಾಯು ಉಂಟಾಗುವ ಸಂಭವವಿರುವುದರಿಂದ ಅದನ್ನು ಉದಾಸೀನ ಮಾಡುವಂತಿಲ್ಲ. ಈ ಕಂಪನದ ಕಿಡಿ ಬಹುತೇಕ ಶ್ವಾಸಕೋಶಗಳಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳಲ್ಲಿ ಹುಟ್ಟುತ್ತದೆಂಬುದನ್ನು ಫ್ರಾನ್ಸಿನ ಬೋರ್ಡೊ ನಗರದ ವೈದ್ಯ ಮಿಶೆಲ್ ಹೈಸಗೇರ್ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಅಂದಿನಿಂದ ಆ ಅಭಿಧಮನಿಗಳ ಬಾಯಿಯ ಸುತ್ತ ಸುಟ್ಟ ಗಾಯದ ಒಂದು ಉಂಗುರವನ್ನು ನಿರ್ಮಿಸಿ ಕಿಡಿ ಹೊರಬರದಂತೆ ತಡೆಯುವ ಚಿಕಿತ್ಸೆ ಪ್ರಚಾರಕ್ಕೆ ಬಂದಿತು. ಎದೆಯನ್ನು ಕೊಯ್ಯದೆ, ತೊಡೆಸಂದಿನ ಅಭಿಧಮನಿಯ ಮೂಲಕ ತೆಳುವಾದ ನಳಿಗೆಗಳನ್ನು ಹೃದಯದವರೆಗೆ ಸೇರಿಸಿ ಮಾಡುವ ಚಿಕಿತ್ಸೆಯಿದು. ವೈದ್ಯರು ಇದನ್ನು ಅಬ್ಲೇಶನ್ ಎನ್ನುತ್ತಾರೆ. 2023ರ ನವೆಂಬರಿನಲ್ಲಿ ನಮಗೂ ಇದು ನಡೆಯಿತು. ಚಿಕಿತ್ಸೆ ಯಶಸ್ವಿಯಾಯಿತೆಂದು ವೈದ್ಯರು ಹೇಳಿದರು. ಲಯ ಕ್ರಮಕ್ಕೆ ಬಂದದ್ದೂ ನಿಜ.

ಆದರೆ ಮಠಕ್ಕೆ ಮರಳಿದ ಮೇಲೆ ಬೇರೊಂದು ಸಂಗತಿ ಗಮನಕ್ಕೆ ಬಂದಿತು. ಮೊದಲು ಸುಮ್ಮನೆ ಕುಳಿತಾಗ ನಿಮಿಷಕ್ಕೆ 68ರಷ್ಟಿದ್ದ ನಾಡಿ ಈಗ 94, ಕೆಲವೊಮ್ಮೆ 98. ಒಂದು ವಾರ ಕಳೆಯಿತು, ಒಂದು ತಿಂಗಳು ಕಳೆಯಿತು, ಮೂರು ತಿಂಗಳೂ ಕಳೆದವು, ಅದು ಇಳಿಯಲಿಲ್ಲ. ಬೆಳಗಿನ ಪೂಜೆಯಲ್ಲಿ ಎಡ ಅಂಗೈಯ ಮೇಲಿನ ಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸಿದಾಗ ಮಣಿಕಟ್ಟಿನಲ್ಲಿ ನಾಡಿ ಕುಣಿಯುವುದು ಕಣ್ಣಿಗೇ ಕಾಣುತ್ತಿತ್ತು. ಮೂವತ್ತು ವರ್ಷಗಳಿಂದ ಚಿತ್ತಸ್ಥೈರ್ಯವನ್ನು ಕುರಿತು ಜನರಿಗೆ ಉಪದೇಶ ಮಾಡುತ್ತ ಬಂದ ನಮಗೆ ಇದು ಮುಜುಗರವನ್ನೂ ತಂದಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ರಕ್ತದೊತ್ತಡ ನೋಡಲು ಬಂದ ಪರಿಚಯದ ಕಾಂಪೌಂಡರರು ಯಂತ್ರದ ಮೇಲಿನ ಅಂಕಿಯನ್ನು ಕಂಡು, “ಬುದ್ಧೀ, ಏನಾದರೂ ಚಿಂತೆ ಇದೆಯೇ?” ಎಂದು ಮೆಲ್ಲಗೆ ಕೇಳಿದರು. ಚಿಂತೆಯಿರಲಿಲ್ಲ. ಇಲ್ಲವೆಂದರೆ ಅವರು ನಂಬಿದಂತೆ ಕಾಣಲಿಲ್ಲ.

ಕಾರಣವನ್ನು ವೈದ್ಯರಲ್ಲಿ ಕೇಳಿದಾಗ ಅವರು ವಿವರಿಸಿದ್ದು ಬಹು ಕುತೂಹಲಕರವಾದ ವಿಷಯ. ಹೃದಯವು ಬಡಿಯಲು ಮೆದುಳಿನ ಅಪ್ಪಣೆ ಬೇಕಾಗಿಲ್ಲ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಒಂದು ಸಣ್ಣ ಅಂಗಾಂಶವಿದ್ದು ಅದೇ ಸ್ಪಂದನವನ್ನು ಹುಟ್ಟಿಸುತ್ತದೆ. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು 1907ರಲ್ಲಿ ಅದನ್ನು ವರ್ಣಿಸಿದರು. ಯಾವ ನರದ ಹಿಡಿತವೂ ಇಲ್ಲದೆ ಅದನ್ನು ಅದರಷ್ಟಕ್ಕೆ ಬಿಟ್ಟರೆ ಹೃದಯ ನಿಮಿಷಕ್ಕೆ ಸುಮಾರು ನೂರು ಸಲ ಬಡಿಯುತ್ತದೆ. ವಯಸ್ಸಾದಂತೆ ಈ ಸಹಜ ವೇಗ ತುಸು ತಗ್ಗುತ್ತದೆ. ಆದರೆ ವಿಶ್ರಾಂತಿಯಲ್ಲಿರುವ ಮನುಷ್ಯನ ನಾಡಿ ಅರುವತ್ತು ಎಪ್ಪತ್ತರಲ್ಲಿರುವುದೇಕೆ? ಮೆದುಳಿನಿಂದ ಇಳಿದು ಬರುವ ವೇಗಸ್ ಎಂಬ ನರವು ಅದನ್ನು ಹಗಲಿರುಳೂ ಹಿಡಿದು ನಿಲ್ಲಿಸಿರುವುದರಿಂದ. ವೇಗಸ್ ಎಂಬ ಹೆಸರಿಗೂ ನಮ್ಮ ವೇಗಕ್ಕೂ ಸಂಬಂಧವಿಲ್ಲ. ಅಲೆದಾಡುವುದು ಎಂಬುದು ಆ ಲ್ಯಾಟಿನ್ ಪದದ ಅರ್ಥ. ನಿಜದಲ್ಲಿ ಅದು ವೇಗಕ್ಕೆ ಹಾಕಿದ ಕಡಿವಾಣ. ಆ ನರವನ್ನು ಉದ್ದೀಪಿಸಿದರೆ ಹೃದಯ ನಿಧಾನವಾಗುತ್ತದೆ, ನಿಂತೂ ಹೋಗುತ್ತದೆ ಎಂಬುದನ್ನು ಜರ್ಮನಿಯ ವೇಬರ್ ಸೋದರರು 1845ರಲ್ಲಿಯೇ ತೋರಿಸಿದ್ದರು. 1921ರಲ್ಲಿ ಆಟೊ ಲೂವಿ ಎಂಬ ವಿಜ್ಞಾನಿ ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಉದ್ದೀಪಿಸಿ, ಆ ಹೃದಯವನ್ನು ತೊಯಿಸಿದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಯಿಸಿದರು. ನರದ ಸಂಪರ್ಕವೇ ಇಲ್ಲದ ಆ ಎರಡನೆಯ ಹೃದಯವೂ ನಿಧಾನವಾಯಿತು. ನರವು ಒಂದು ರಾಸಾಯನಿಕವನ್ನು ಸ್ರವಿಸಿ ಹೃದಯವನ್ನು ತಡೆಯುತ್ತದೆಂಬುದು ಇದರಿಂದ ಸಿದ್ಧವಾಯಿತು. ಲೂವಿಯವರು 1936ರ ನೊಬೆಲ್ ಪಾರಿತೋಷಕವನ್ನು ಹೆನ್ರಿ ಡೇಲ್ ಅವರೊಡನೆ ಹಂಚಿಕೊಂಡರು.

ಈ ವೇಗಸ್ ನರದ ಸಣ್ಣ ಗಂಟುಗಳು ಕೆಲವು ಆ ಶ್ವಾಸಕೋಶದ ಅಭಿಧಮನಿಗಳ ಬಾಯಿಯ ಬಳಿಯಲ್ಲಿಯೇ, ಹೃದಯದ ಹೊರಮೈಯ ಕೊಬ್ಬಿನಲ್ಲಿ ಹುದುಗಿವೆ. ಕಂಪನದ ಕಿಡಿಯನ್ನು ತಡೆಯಲು ಅಲ್ಲಿ ಸುಡುವಾಗ ಈ ಗಂಟುಗಳಿಗೂ ಬಿಸಿ ತಗಲುತ್ತದೆ. ಕಳ್ಳನನ್ನು ಹಿಡಿಯಲು ಹೋದಾಗ ಕಾವಲುಗಾರನಿಗೂ ಪೆಟ್ಟು ಬಿದ್ದಂತೆ. ಕಾವಲು ಸಡಿಲವಾದ ಹೃದಯ ತನ್ನ ಸಹಜ ವೇಗಕ್ಕೆ ಹತ್ತಿರವಾಗುತ್ತದೆ. ನಿಮಿಷಕ್ಕೆ ಹತ್ತು ಹದಿನೈದು ಬಡಿತ ಹೆಚ್ಚಾಗುವುದು ಸಾಮಾನ್ಯ. ಕೆಲವರಲ್ಲಿ ಇನ್ನೂ ಹೆಚ್ಚು. ಅನೇಕರಲ್ಲಿ ಕೆಲವು ತಿಂಗಳುಗಳಲ್ಲಿ ಅದು ತಗ್ಗುತ್ತದೆ. ಕೆಲವರಲ್ಲಿ ವರ್ಷ ಕಳೆದರೂ ಉಳಿಯುತ್ತದೆ. ಲಯ ಕ್ರಮವಾಗಿದ್ದು, ಬೇರೆ ಕಾರಣ ಕಂಡುಬರದಿದ್ದರೆ ಇದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಇದಿಷ್ಟು ವೈದ್ಯರ ವಿವರಣೆ. ಚಿಕಿತ್ಸೆಗೆ ಮುನ್ನ ಈ ಮಾತನ್ನು ಯಾರೂ ನಮಗೆ ಹೇಳಿರಲಿಲ್ಲ. ಹೇಳಿದ್ದರೆ ಚಿಕಿತ್ಸೆಯನ್ನು ನಾವು ಬಿಡುತ್ತಿರಲಿಲ್ಲ. ಆದರೆ ಮೂರು ತಿಂಗಳ ಸಂಶಯ ಉಳಿಯುತ್ತಿತ್ತು. ಯಶಸ್ಸಿನ ಜೊತೆಗೆ ಏನು ಬರುತ್ತದೆಂಬುದನ್ನು ಮೊದಲೇ ತಿಳಿಸುವುದು ಚಿಕಿತ್ಸೆಯ ಒಂದು ಭಾಗವೇ ಎಂಬುದನ್ನು ವೈದ್ಯಬಂಧುಗಳು ಮರೆಯಬಾರದು.

ಈಗ ಮೂಲ ಪ್ರಶ್ನೆಗೆ ಬರೋಣ. ಭಯವಾದಾಗ ಹೃದಯ ವೇಗವಾಗುತ್ತದೆ. ಆದುದರಿಂದ ಹೃದಯ ವೇಗವಾಗಿದ್ದರೆ ಭಯವಿದೆ ಎಂಬ ಅನುಮಾನ ಸರಿಯೇ? ತರ್ಕಶಾಸ್ತ್ರವನ್ನು ಓದಿದವರಿಗೆ ಇದರ ದೋಷ ಕೂಡಲೇ ಹೊಳೆಯುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬುದು ಸರಿಯಾದ ವ್ಯಾಪ್ತಿ. ಬೆಂಕಿಯಿದ್ದಲ್ಲಿ ಹೊಗೆಯುಂಟು ಎಂಬುದು ವ್ಯಾಪ್ತಿಯಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಸಿ ಸೌದೆಯ ಸಂಯೋಗವೆಂಬ ಉಪಾಧಿಯಿದ್ದಾಗ ಮಾತ್ರ ಬೆಂಕಿಯಿಂದ ಹೊಗೆ ಬರುತ್ತದೆ. ಅಂತೆಯೇ ವೇಗದ ನಾಡಿಯಿಂದ ಭಯವನ್ನು ಊಹಿಸುವ ಹೇತು ವ್ಯಭಿಚಾರ ದೋಷದಿಂದ ಕೂಡಿದ್ದು. ನಾಡಿಯನ್ನು ಕುರಿತು ವಿಸ್ತಾರವಾಗಿ ಹೇಳಿದ ಶಾರ್ಙ್ಗಧರಸಂಹಿತೆಯು ಸಹ ಜ್ವರದಲ್ಲಿ ನಾಡಿ ಬಿಸಿಯಾಗಿ ವೇಗವಾಗುತ್ತದೆ, ಕಾಮಕ್ರೋಧಗಳಲ್ಲಿಯೂ ವೇಗವಾಗುತ್ತದೆ ಎಂದು ಕಾರಣಗಳನ್ನು ಬೇರೆ ಬೇರೆಯಾಗಿಯೇ ಎಣಿಸುತ್ತದೆ. ಹಳಬರು ನಾಡಿಯನ್ನು ಹಿಡಿದಾಗ ರೋಗಿಯ ಶೀಲವನ್ನು ಹಿಡಿದೆವೆಂದು ಭ್ರಮಿಸಲಿಲ್ಲ.

ಇದಕ್ಕಿಂತ ಪ್ರಬಲವಾದ ದೃಷ್ಟಾಂತವೊಂದು ನಮ್ಮ ಕಾಲದಲ್ಲಿಯೇ ಇದೆ. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡರು ಒಬ್ಬರ ಹೃದಯವನ್ನು ಇನ್ನೊಬ್ಬರ ಎದೆಯಲ್ಲಿ ನೆಲೆಗೊಳಿಸಿದರು. ನಮ್ಮ ದೇಶದಲ್ಲಿ 1994ರ ಆಗಸ್ಟ್ 3ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ವೇಣುಗೋಪಾಲರು ಇದನ್ನು ಯಶಸ್ವಿಯಾಗಿ ನೆರವೇರಿಸಿದರು. ಹೀಗೆ ಕಸಿಮಾಡಿದ ಹೃದಯದ ನರಗಳು ಕತ್ತರಿಸಿಹೋಗಿರುವುದರಿಂದ ಅದು ವಿಶ್ರಾಂತಿಯಲ್ಲಿಯೂ ನಿಮಿಷಕ್ಕೆ ತೊಂಬತ್ತರಿಂದ ನೂರಹತ್ತು ಸಲ ಬಡಿಯುತ್ತದೆ. ಅಷ್ಟೇ ಅಲ್ಲ, ಆ ವ್ಯಕ್ತಿ ಹಠಾತ್ತನೆ ಬೆಚ್ಚಿಬಿದ್ದರೆ ಹೃದಯ ಕೂಡಲೇ ಹಾರುವುದಿಲ್ಲ. ರಕ್ತದಲ್ಲಿ ಬೆರೆತ ರಸಗಳು ಅದನ್ನು ತಲುಪಿದ ಮೇಲೆ, ತಡವಾಗಿ ವೇಗ ಹೆಚ್ಚುತ್ತದೆ. ಗಾಢ ಶಾಂತಿಯಲ್ಲಿ ಕುಳಿತವನ ಎದೆಯಲ್ಲಿ ಓಟ. ಬೆಚ್ಚಿದವನ ಎದೆಯಲ್ಲಿ ಆ ಕ್ಷಣಕ್ಕೆ ಬದಲಾವಣೆಯೇ ಇಲ್ಲ. ಮನಸ್ಸಿಗೂ ಬಡಿತಕ್ಕೂ ಇರುವ ಸಂಬಂಧ ಒಂದು ನರದ ಎಳೆಯನ್ನು ಅವಲಂಬಿಸಿದೆಯೆಂದ ಮೇಲೆ ಬಡಿತವನ್ನು ಎಣಿಸಿ ಮನಸ್ಸನ್ನು ಅಳೆಯುವುದು ಹೇಗೆ ಸಾಧ್ಯ?

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರವನ್ನು ಓದುವಾಗ ನಾವೂ ಇದನ್ನು ಎದುರಿಸಿದ್ದೆವು. ಅಮೆರಿಕದ ದಾರ್ಶನಿಕ ವಿಲಿಯಂ ಜೇಮ್ಸ್ 1884ರಲ್ಲಿ ಮಂಡಿಸಿದ ಮತದಂತೆ ಭಯದಿಂದ ದೇಹ ನಡುಗುವುದಲ್ಲ. ದೇಹದ ನಡುಕವನ್ನು ನಾವು ಅನುಭವಿಸುವುದೇ ಭಯ. ಇದು ನಿಜವಾದರೆ ಓಡುವ ಹೃದಯವುಳ್ಳವನು ಭಯಗ್ರಸ್ತನೇ ಆಗಬೇಕು. ಅವನು ಇಲ್ಲವೆಂದರೂ ನಂಬುವಂತಿಲ್ಲ. ಆದರೆ ಸ್ಪೇನಿನ ವೈದ್ಯ ಗ್ರೆಗೋರಿಯೊ ಮಾರನ್ಯೋನ್ 1924ರಲ್ಲಿ ಇದಕ್ಕೆ ಒಳ್ಳೆಯ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಅವರು ಅನೇಕರಿಗೆ ಅಡ್ರಿನಲಿನ್ ಚುಚ್ಚಿ, ಹೃದಯ ಓಡುವಂತೆ, ಕೈ ನಡುಗುವಂತೆ ಮಾಡಿ ಅವರ ಅನುಭವವನ್ನು ಕೇಳಿದರು. ಹಲವರು ದೇಹದ ಲಕ್ಷಣಗಳನ್ನಷ್ಟೇ ಹೇಳಿದರು. ಇನ್ನು ಕೆಲವರಿಗೆ ಹೆದರಿದಂತೆ ತೋರಿತೇ ಹೊರತು ಹೆದರಿಕೆ ಇರಲಿಲ್ಲ. ಮನಸ್ಸಿನಲ್ಲಿ ಮೊದಲೇ ಯಾವುದಾದರೂ ದುಃಖವೋ ಚಿಂತೆಯೋ ಇದ್ದವರಲ್ಲಿ ಮಾತ್ರ ನಿಜವಾದ ಭಾವ ಎದ್ದಿತು.

ಹೆದರಿದಂತಿರುವುದು, ಹೆದರಿರುವುದು: ಇವೆರಡರ ನಡುವಿನ ಅಂತರ ಕೂದಲೆಳೆಯಷ್ಟು. ಆದರೆ ಮನುಷ್ಯನ ಸ್ವಾತಂತ್ರ್ಯವೆಲ್ಲ ಅಷ್ಟು ಜಾಗದಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಈ ಮಾತನ್ನು ಗ್ರಂಥದಿಂದಲ್ಲ, ರಾತ್ರಿಗಳಿಂದ ಕಲಿತೆವು. ಮಧ್ಯರಾತ್ರಿ ಎಚ್ಚರವಾದಾಗ ಕಿವಿಯಲ್ಲಿ ಬಡಿತ ಕೇಳಿಸುತ್ತದೆ. ಹೃದಯ ಓಡುತ್ತಿದೆ, ಕಾರಣವಿಲ್ಲ. ಕಾರಣವಿಲ್ಲದ ಓಟವನ್ನು ಮನಸ್ಸು ಸಹಿಸದು. ಅದು ಕೂಡಲೇ ಹುಡುಕಾಟಕ್ಕೆ ತೊಡಗುತ್ತದೆ: ಪ್ರಸಾದನಿಲಯದ ಅಕ್ಕಿಯ ಬಾಕಿ, ಶಾಲೆಯ ಕಟ್ಟಡದ ಬಿರುಕು, ಎಂದೋ ಯಾರೋ ಆಡಿದ ಮಾತು. ಒಂದೊಂದನ್ನೂ ತಂದು ಓಡುವ ಹೃದಯದ ಮುಂದಿಟ್ಟು, ಇದಕ್ಕಾಗಿಯೇ ನೀನು ಓಡುತ್ತಿರುವುದು ಎಂದು ಹೇಳುತ್ತದೆ. ಹೃದಯ ಒಪ್ಪದಿದ್ದರೂ ಮನಸ್ಸೇ ಒಪ್ಪಿಕೊಂಡು ಚಿಂತಿಸತೊಡಗುತ್ತದೆ. ಇಲ್ಲದ ಚಿಂತೆ ಹೀಗೆ ಹುಟ್ಟುತ್ತದೆ. ಒಂದು ಮುಂಜಾನೆ ಪೂಜೆಗೆ ನೀರು ತರಲು ತುಸು ತಡಮಾಡಿದ ಮರಿಯೊಬ್ಬನನ್ನು ನಾವು ಗದರಿದೆವು. ಹುಡುಗ ಅತ್ತ. ಅವನ ತಪ್ಪು ಅಷ್ಟು ದೊಡ್ಡದಿರಲಿಲ್ಲ. ಎದೆಯ ಓಟಕ್ಕೆ ಮನಸ್ಸು ಕೊಟ್ಟ ಸುಳ್ಳು ಹೆಸರು ಆ ಕೋಪ. ಎದೆಯ ಓಟ ನಮ್ಮದಲ್ಲ. ಅದು ಸುಟ್ಟ ನರದ್ದು. ಅದಕ್ಕೆ ನಾವು ಹೊಣೆಯಲ್ಲ. ಆದರೆ ಆ ಹುಡುಗನ ಕಣ್ಣೀರು ನರದ್ದೆಂದು ಹೇಳಲಾದೀತೇ? ಅದಕ್ಕೆ ನಾವೇ ಹೊಣೆ. ದೇಹ ಕೊಡುವ ವೇಗಕ್ಕೆ ಮನುಷ್ಯ ಉತ್ತರವಾದಿಯಲ್ಲ. ಆ ವೇಗಕ್ಕೆ ತಾನು ಇಡುವ ಹೆಸರಿಗೆ, ಆ ಹೆಸರಿನಿಂದ ಮಾಡುವ ಕೃತ್ಯಕ್ಕೆ ಉತ್ತರವಾದಿ. ಇಷ್ಟು ವಿವೇಕ ಉಳಿದರೆ ತೊಂಬತ್ತೆಂಟರ ನಾಡಿಯಲ್ಲಿಯೂ ಶಾಂತಿಯುಂಟು. ಇದು ಇಲ್ಲವಾದರೆ ಅರುವತ್ತರ ನಾಡಿಯಲ್ಲಿಯೂ ಕ್ರೌರ್ಯವುಂಟು.

ಹಾಗಾದರೆ ಎದೆಯ ಓಟವನ್ನು ಕಡೆಗಣಿಸಿ ಸಾಕ್ಷಿಯಂತೆ ಕುಳಿತುಬಿಡಬೇಕೇ? ಇದು ಇನ್ನೊಂದು ತುದಿಯ ತಪ್ಪು. ಸಹನೆ ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪರೀಕ್ಷಿಸದೆ ಸಹಿಸುವುದು ಸಹನೆಯಲ್ಲ, ಸೋಮಾರಿತನ. ಚಿಕಿತ್ಸೆಯ ನಂತರದ ವೇಗಕ್ಕೆ ಸುಟ್ಟ ನರವೊಂದೇ ಕಾರಣವೆಂದು ರೋಗಿ ತಾನೇ ತೀರ್ಮಾನಿಸುವಂತಿಲ್ಲ. ರಕ್ತಹೀನತೆ, ಸೋಂಕು, ದೇಹದಲ್ಲಿ ನೀರು ಕಡಿಮೆಯಾಗುವುದು, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ಹೃದಯದ ಹೊರಚೀಲದ ಉರಿಯೂತ ಅಥವಾ ಅದರಲ್ಲಿ ದ್ರವ ತುಂಬುವುದು, ಹಳೆಯ ಲಯದೋಷ ಬೇರೆ ರೂಪದಲ್ಲಿ ಮರಳುವುದು, ಇವೆಲ್ಲವೂ ಕಾರಣವಾಗಬಲ್ಲವು. ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ವೇಗವೇ ಬೇರೆ. ಗುಂಡಿ ಒತ್ತಿದಂತೆ ಥಟ್ಟನೆ ನೂರೈವತ್ತಕ್ಕೆ ಜಿಗಿಯುವ ವೇಗವೇ ಬೇರೆ. ಇ.ಸಿ.ಜಿ.ಯಿಲ್ಲದೆ ಇದನ್ನು ನಿರ್ಣಯಿಸಲಾಗದು. ಉಸಿರು ಕಟ್ಟುವುದು, ಎದೆನೋವು, ತಲೆಸುತ್ತಿ ಬೀಳುವುದು, ಮಾತು ತೊದಲುವುದು ಅಥವಾ ಒಂದು ಕೈ ಸೋಲುವುದು, ಚಿಕಿತ್ಸೆಯಾದ ಕೆಲವು ವಾರಗಳಲ್ಲಿ ಜ್ವರ ಬಂದು ನುಂಗಲು ನೋವಾಗುವುದು, ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಲಯ ತಪ್ಪಿದ ಅತಿವೇಗ ತಿಂಗಳುಗಟ್ಟಲೆ ಮುಂದುವರಿದರೆ ಹೃದಯದ ಸ್ನಾಯುವೇ ಸೋಲುವುದುಂಟು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸುವುದು ಭಕ್ತಿಯೂ ಅಲ್ಲ, ಧೈರ್ಯವೂ ಅಲ್ಲ. ಮೊದಲು ಪರೀಕ್ಷೆ, ಅನಂತರ ಸಹನೆ. ಪರೀಕ್ಷೆಯೆಲ್ಲ ಮುಗಿದ ಮೇಲೆಯೂ ಗಳಿಗೆಗೊಮ್ಮೆ ಮಣಿಕಟ್ಟನ್ನು ಹಿಡಿದು ಎಣಿಸುತ್ತ ಕೂಡುವುದು ಎಚ್ಚರವಲ್ಲ. ಎಣಿಕೆಯೇ ವೇಗವನ್ನು ಹೆಚ್ಚಿಸುತ್ತದೆಂಬುದು ನಮ್ಮ ಸ್ವಾನುಭವ. ದಿನಕ್ಕೊಮ್ಮೆ ನೋಡಿ ಬರೆದಿಡುವುದು ಸಾಕೆಂದು ವೈದ್ಯರು ನಮಗೆ ಹೇಳಿದ ಮೇಲೆ ನಾವು ಹಾಗೆಯೇ ಮಾಡಿದೆವು.

ಈ ಲೇಖನದ ನಿಜವಾದ ಕಾರಣವನ್ನು ಕೊನೆಗೆ ಹೇಳಬೇಕಾಗಿದೆ. 2009ರಲ್ಲಿ ಶಾಲಾಶಿಕ್ಷಕಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. “ಬುದ್ಧೀ, ಎದೆ ಸುಮ್ಮನೆ ಓಡುತ್ತಾ ಇರುತ್ತೆ. ರಾತ್ರಿ ನಿದ್ದೆ ಇಲ್ಲ, ಕೈ ನಡುಗುತ್ತೆ” ಎಂದರು. ಅವರ ಮನೆಯ ಕಷ್ಟಗಳು ನಮಗೆ ಗೊತ್ತಿದ್ದವು. ಗೊತ್ತಿದ್ದುದೇ ತೊಡಕಾಯಿತು. “ಮನಸ್ಸು ತಣ್ಣಗಾದರೆ ಎದೆಯೂ ತಣ್ಣಗಾಗುತ್ತದೆ ತಾಯಿ, ಚಿಂತೆ ಬಿಟ್ಟು ಜಪ ಮಾಡಿರಿ” ಎಂದು ಹೇಳಿ ಕಳುಹಿಸಿದೆವು. ಅವರು ಎರಡು ವರ್ಷ ಹಾಗೆಯೇ ಮಾಡಿದರು. ಎದೆ ತಣ್ಣಗಾಗಲಿಲ್ಲ. ತಮ್ಮ ಜಪದಲ್ಲಿಯೇ ಕೊರತೆಯಿದೆಯೆಂದು ಅವರು ನೊಂದುಕೊಂಡರಂತೆ. ಕಡೆಗೆ ಒಂದು ದಿನ ಕುಸಿದುಬಿದ್ದಾಗ ಆಸ್ಪತ್ರೆಗೆ ಸೇರಿಸಿದರು. ಥೈರಾಯ್ಡ್ ಗ್ರಂಥಿಯ ರೋಗವೆಂದು ತಿಳಿಯಿತು. ಗುಳಿಗೆಗಳಿಂದ ಗುಣವಾದರೂ ಆ ಎರಡು ವರ್ಷಗಳಲ್ಲಿ ಅವರ ಹೃದಯ ಸೊರಗಿತ್ತು. ಈ ಸುದ್ದಿ ಅಂದೇ ನಮಗೆ ತಲುಪಿತ್ತು. ವ್ಯಥೆಪಟ್ಟೆವು, ಆದರೆ ತಪ್ಪು ಮಾಡಿದೆವೆಂದು ತಿಳಿಯಲಿಲ್ಲ. ಒಳ್ಳೆಯ ಮಾತನ್ನೇ ಹೇಳಿದ್ದೆವಲ್ಲ ಎಂಬ ಸಮಾಧಾನವಿತ್ತು. “ಏನಾದರೂ ಚಿಂತೆ ಇದೆಯೇ” ಎಂಬ ಪ್ರಶ್ನೆಗೆ ಇಲ್ಲವೆಂದು ಉತ್ತರಿಸಿ, ನಂಬಿಸಲಾಗದೆ ನಾವೇ ಕುಳಿತ ಆ ದಿನ ಆ ಸಮಾಧಾನ ಹೋಯಿತು. ರೋಗಕ್ಕೆ ಔಷಧ ಸಿಗದೆ ಹೋದದ್ದು ಅವರಿಗಾದ ಒಂದು ಅನ್ಯಾಯ. ದೇಹದ ದೋಷವನ್ನು ಶ್ರದ್ಧೆಯ ದೋಷವೆಂದು ಅವರೇ ನಂಬುವಂತೆ ಮಾಡಿದ್ದು ಅದಕ್ಕಿಂತ ದೊಡ್ಡ ಅನ್ಯಾಯ.

2024ರ ಬೇಸಗೆಯಲ್ಲಿ ಅವರ ಮನೆಗೆ ಹೋದೆವು. ಪಾದಪೂಜೆಗೆ ಅಣಿಮಾಡಲು ಹೊರಟವರನ್ನು ತಡೆದು, ಬಂದ ಕಾರಣವನ್ನು ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ, “ಬುದ್ಧೀ, ನೀವು ಹೇಳಿದ್ದು ನನಗೆ ಹೊಂದಲಿಲ್ಲ ಅಂತ ಆಗಲೇ ಅನ್ನಿಸಿತ್ತು. ಆದರೆ ಹೇಳೋ ಧೈರ್ಯ ಬರಲಿಲ್ಲ” ಎಂದರು. ಆ ಮಾತು ನಮ್ಮನ್ನು ಇಂದಿಗೂ ಕಾಡುತ್ತದೆ. ಗುರುವಿನ ಮುಂದೆ ತನ್ನ ದೇಹದ ನಿಜವನ್ನು ಹೇಳಲು ಭಕ್ತರಿಗೆ ಧೈರ್ಯ ಸಾಲದಾದರೆ ಆ ಗೌರವದಲ್ಲಿ ಎಲ್ಲಿಯೋ ಕೊರತೆಯಿದೆ; ಆ ಕೊರತೆ ಭಕ್ತರದಲ್ಲ. ನಾವು ಎದ್ದು ಹೊರಡುವಾಗ ಅವರು ಬಾಗಿಲವರೆಗೆ ಬಂದು, “ಈಗ ನಿಮ್ಮ ಎದೆ ಹೇಗಿದೆ ಬುದ್ಧೀ? ಏನೇನಾಗುತ್ತೆ, ಸರಿಯಾಗಿ ಹೇಳಿ” ಎಂದು ಕೇಳಿದರು. ಹದಿನೈದು ವರ್ಷಗಳ ಹಿಂದೆ ನಾವು ಅವರನ್ನು ಕೇಳಬೇಕಾಗಿದ್ದ ಪ್ರಶ್ನೆ ಅದು.

ನಮ್ಮ ನಾಡಿ ಮೊದಲಿನಷ್ಟಕ್ಕೆ ಇಳಿದಿಲ್ಲ. ಎಂಬತ್ತರ ಮೇಲೆಯೇ ನಿಂತಿದೆ. ಅದರೊಡನೆ ಬಾಳುವುದನ್ನು ಕಲಿಯುತ್ತಿದ್ದೇವೆ. ಸದ್ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ: ನಿಮ್ಮ ಮನೆಯಲ್ಲಿ ಯಾರಾದರೂ ಎದೆ ಓಡುತ್ತಿದೆಯೆಂದು ಹೇಳಿದರೆ, ಚಿಂತೆ ಮಾಡಬೇಡ ಎನ್ನುವ ಮೊದಲು ಏನಾಗುತ್ತಿದೆಯೆಂದು ಕೇಳಿರಿ. ಕೇಳಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಅವರ ಮನಸ್ಸಿನ ಮಾತನ್ನು ಅವರಿಂದಲೇ ತಿಳಿಯಿರಿ, ಮಣಿಕಟ್ಟಿನಿಂದಲ್ಲ.